ಗೋಕರ್ಣದಿಂದ ಗಡಿಗೆಯಲ್ಲಿ ತಂದದ್ದು

ಕುಷ್ಟಗಿಯಿಂದ ಕೊಪ್ಪಳಕ್ಕೆ ಹೋಗುವ ಮೋಟಾರು ಆಗ ಇದ್ದಿಲಿನಿಂದ ನಡೆಯುತ್ತಿತ್ತು. ಯುದ್ಧದ ಕಾಲ, ಪೆಟ್ರೋಲು ಕಣ್ಣಿಗೆ ಬೀಳುತ್ತಿರಲಿಲ್ಲ. ಗಾಡಿಯ ಹಿಂದೆ ಒಲೆಯಂಥ ಒಂದು ದೊಡ್ಡ ಡಬ್ಬಿ. ಕ್ಲೀನರನು ಅದಕ್ಕೆ ಇದ್ದಿಲು ಸುರಿದು, ಗಾಳಿಚಕ್ರವನ್ನು ತಿರುವಿ ತಿರುವಿ ಬೆವತು ನೀರಾಗುವವರೆಗೆ ಅದು ಅಲುಗದು. ಬೆಳಕು ಹರಿಯುವಾಗಲೇ ಬುತ್ತಿ ಕಟ್ಟಿಕೊಂಡು ಬಂದ ನಾವು, ಅದು ಗುರ್ ಅನ್ನುವಷ್ಟರಲ್ಲಿ ಹಾದಿಗೆಂದು ತಂದ ರೊಟ್ಟಿಯಲ್ಲಿ ಅರ್ಧ ಅಲ್ಲಿಯೇ ತಿಂದು ಮುಗಿಸಿದ್ದೆವು.

"ಇದಕ್ಕಿಂತ ಎತ್ತಿನ ಬಂಡಿ ಛಲೋ ಇತ್ತಲ್ರಿ," ಎಂದೆ.

"ಸುಮ್ಮನ ಕುಂದ್ರು. ಗೋಕರ್ಣಕ್ಕ ಹೊಂಟೀವಿ, ಸಂತಿಗಲ್ಲ," ಎಂದರು ನಮ್ಮ ಯಜಮಾನರು.

ಯಜಮಾನರೆಂದರೆ ಸಂಗಪ್ಪ, ನೇಕಾರರು. ನಮ್ಮದು ಕುಷ್ಟಗಿಯಲ್ಲಿ ಎರಡು ಮಗ್ಗದ ಮನೆ. ಅವರು ಸೀರೆ ನೇಯುವರು; ನಾನು ಲಾಳಿಯೊಳಗಿನ ಕಡ್ಡಿಗೆ ನೂಲು ಸುತ್ತಿ ಕಂಡಿಕೆ ಮಾಡಿ, ನೂಲಿಗೆ ಗಂಜಿ ಹಚ್ಚಿ ಕೊಡುವೆ. ನಾನು ಗಂಗಾವತಿಯ ಮಗಳು. ಅಪ್ಪ ಅಲ್ಲಿ ಮಕ್ಕಳಿಗೆ ಅಕ್ಷರ ಹೇಳಿಕೊಡುತ್ತಿದ್ದರು. ಆ ಪುಣ್ಯದಿಂದ ಇಷ್ಟು ಬರೆಯಬಲ್ಲೆ. ನಮ್ಮ ಅತ್ತೆಯವರು ಗೋಕರ್ಣದ ಸಮುದ್ರದಲ್ಲಿ ಮುಳುಗಿ ಏಳುತ್ತೇನೆಂದು ಹರಕೆ ಹೊತ್ತು, ತೀರಿಸದೇ ಕಣ್ಣು ಮುಚ್ಚಿದ್ದರು. ಆ ವರ್ಷ ನೂಲಿಗೆ ಕಂಟ್ರೋಲು ಬಂದು ಒಂದು ಮಗ್ಗ ಖಾಲಿ ನಿಂತಿತ್ತು. "ಕೈ ಖಾಲಿ ಐತಿ, ಅವ್ವನ ಹರಕಿ ಮುಟ್ಟಿಸಿ ಬರೂಣು," ಎಂದರು. ದೀಪಾವಳಿ ಮುಗಿದ ಮೇಲೆ ಹೊರಟೆವು.

ಕೊಪ್ಪಳ ಸ್ಟೇಷನ್ನಿನಲ್ಲಿ ನಮ್ಮ ಹಾಲಿ ಸಿಕ್ಕಾ, ಅಂದರೆ ನಿಜಾಮರ ರೂಪಾಯಿ, ನಡೆಯಲಿಲ್ಲ. ನಿಜಾಮರ ಸೀಮೆಯಲ್ಲೇ ನಿಂತುಕೊಂಡು ಕಂಪನಿಯ ರೈಲಿಗೆ ಇಂಗ್ರೇಜಿ ಕಲ್ದಾರ ರೂಪಾಯಿ ಕೊಡಬೇಕು! ಬಜಾರಿಗೆ ಹೋಗಿ, ಒಡೆದು, ಬದಲಿಸಿಕೊಂಡು ಬರುವಷ್ಟರಲ್ಲಿ ಗಾಡಿ ಸಿಳ್ಳು ಹಾಕಿತ್ತು. ನನ್ನನ್ನು ಗಂಟಿನ ಹಾಗೆ ಒಳಗೆ ನೂಕಿದರು. ಗದಗಿನ ಮೇಲೆ ಹುಬ್ಬಳ್ಳಿ, ಹುಬ್ಬಳ್ಳಿಯಿಂದ ಮೋಟಾರಿನಲ್ಲಿ ಶಿರಸಿ, ಅಲ್ಲಿಂದ ಘಟ್ಟ ಇಳಿದು ಕುಮಟೆ. ಇಳಿಯುವಾಗ ನಾನು ಎರಡು ಸಲ ವಾಂತಿ ಮಾಡಿಕೊಂಡೆ. ಮುಂದೆ ದೋಣಿ, ದೋಣಿ ಇಳಿದರೆ ಗಾಡಿ. ಊಟಕ್ಕೆ ಕೂತಲ್ಲೆಲ್ಲ ಅನ್ನ, ಅನ್ನ, ಮತ್ತೆ ಅನ್ನ. ಜೋಳದ ರೊಟ್ಟಿಯ ಹೆಸರೆತ್ತಿದರೆ ನಮ್ಮನ್ನೇ ವಿಚಿತ್ರವಾಗಿ ನೋಡುತ್ತಿದ್ದರು.

ಸಮುದ್ರ ಕಂಡಾಗ ನಾನು ಕೈ ಮುಗಿಯಲಿಲ್ಲ. ಯಜಮಾನರ ತೋಳು ಗಟ್ಟಿಯಾಗಿ ಹಿಡಿದುಕೊಂಡು ನಿಂತೆ. ಗಂಗಾವತಿಯ ಕಾಲುವೆ, ತುಂಗಭದ್ರೆಯ ಹೊಳೆ ಕಂಡವಳು ನಾನು. ನೀರೆಂದರೆ ನನಗೆ ಗೊತ್ತು ಎಂಬ ಜಂಬವಿತ್ತು. ಆಚೆ ದಡವೇ ಇಲ್ಲದ ನೀರು ಎಂದರೆ ಹೇಗಿರುತ್ತದೆಂದು ಯಾರೂ ಹೇಳಿರಲಿಲ್ಲ. ಅತ್ತೆಯವರ ಹೆಸರು ಹೇಳಿ ಮುಳುಗು ಹಾಕಿದೆವು. ಅಲೆ ಬಂದು ನನ್ನನ್ನು ಕೆಡವಿ, ಉಪ್ಪು ನೀರು ಕುಡಿಸಿ, ಸೀರೆಯ ತುಂಬ ಉಸುಕು ತುಂಬಿ ಕಳಿಸಿತು. ಅತ್ತೆ ಹೋದ ಮೇಲೂ ನನ್ನನ್ನು ಬಿಡಲಿಲ್ಲ ಎಂದುಕೊಂಡೆ.

ಮರುದಿನ ಬೆಳಿಗ್ಗೆ ನೀರು ಬಹಳ ಹಿಂದಕ್ಕೆ ಸರಿದಿತ್ತು. ದಂಡೆಯ ತೆಂಕಣ ತುದಿಯಲ್ಲಿ ಕಪ್ಪು ಬಂಡೆಗಳು ಮೈ ಬಿಟ್ಟುಕೊಂಡು, ಅವುಗಳ ನಡುವೆ ಸಣ್ಣ ಸಣ್ಣ ಹೊಂಡಗಳು ನಿಂತಿದ್ದವು. ಒಂದೊಂದು ಹೊಂಡವೂ ಒಂದೊಂದು ಊರು: ಮುಳ್ಳಿನ ಉಂಡೆಗಳು, ಚಿಪ್ಪು ಹೊತ್ತು ಓಡುವ ಏಡಿಗಳು, ಮುಟ್ಟಿದರೆ ಮುಚ್ಚಿಕೊಳ್ಳುವ ಹೂವಿನಂಥವು. ಯಜಮಾನರು ಒಂದು ಹೊಂಡದ ಮುಂದೆ ಕುಕ್ಕರುಗಾಲಲ್ಲಿ ಕೂತವರು ಏಳಲೇ ಇಲ್ಲ. ಕಲ್ಲಿನ ಬುಡದ ಉಸುಕಿನಲ್ಲಿ ಅರ್ಧ ಹೂತುಕೊಂಡು ಒಂದು ಸಣ್ಣ ಶಂಖದ ಹುಳು ಇತ್ತು. ನನ್ನ ಹೆಬ್ಬೆರಳಿನ ಉದ್ದವೂ ಇಲ್ಲ. ಒಂದು ಕಡೆ ದಪ್ಪ, ಇನ್ನೊಂದು ಕಡೆ ಚೂಪು. ನೂಲು ಸುತ್ತಿದ ಕಂಡಿಕೆಯೇ ಸರಿ. ಚೂಪಾದ ಕಡೆಯಿಂದ ಒಂದು ಮೆತ್ತನೆಯ ಕೊಳವೆ ಮೇಲೆದ್ದು, ಆನೆ ಸೊಂಡಿಲು ಆಡಿಸಿದಂತೆ ನೀರನ್ನು ಅತ್ತಿತ್ತ ಮೂಸಿ ನೋಡುತ್ತಿತ್ತು.

ಅವರು ಅದನ್ನು ಎತ್ತಿ ನೀರಿನಲ್ಲಿ ತೊಳೆದರು. ಹುಳು ಒಳಗೆ ಸೇರಿಕೊಂಡಿತು. ಚಿಪ್ಪಿನ ಮೇಲೆ ಕಂದು ಬಣ್ಣದ ಮಸುಕು ಪೊರೆ. ಅದರ ಅಡಿಯಿಂದ, ಜೇನುಬಣ್ಣದ ಮೇಲೆ ಬಿಳಿಯ ಮುಮ್ಮೂಲೆಗಳು ಸಾಲುಸಾಲಾಗಿ, ಒಂದರ ಹೆಗಲ ಮೇಲೆ ಒಂದು.

"ಏ, ಇಲ್ಲಿ ನೋಡು. ಟೋಪು ತೆನಿ!"

ನಮ್ಮ ಸೀಮೆಯ ಸೀರೆ ಉಟ್ಟವರಿಗೆ ಹೇಳಬೇಕಾಗಿಲ್ಲ. ಸೆರಗಿನ ಮೇಲೆ ಗೋಪುರದ ಹಾಗೆ ಚೂಪಾಗಿ ಏಳುವ ಬಿಳಿಯ ಹಲ್ಲುಗಳ ಸಾಲು, ಅದೇ ಟೋಪು ತೆನೆ. ಆದರೆ ನಮ್ಮ ತೆನೆ ಎಲ್ಲವೂ ಒಂದೇ ಅಳತೆ. ಇಲ್ಲಿ ದೊಡ್ಡದರ ಮಗ್ಗುಲಲ್ಲಿ ಸಣ್ಣದು, ಸಣ್ಣದರ ಮೇಲೆ ಇನ್ನೂ ಸಣ್ಣದು. ಇದನ್ನು ಯಾವ ಮಗ್ಗದ ಮೇಲೆ ನೇಯ್ದರಪ್ಪಾ ಎನಿಸಿತು.

ಅಲ್ಲೇ ಕವಡೆ, ಚಿಪ್ಪುಗಳ ಸರ ಮಾರುವ ಒಬ್ಬ ಮೀನುಗಾರ ಹೆಂಗಸು ನಿಂತಿದ್ದಳು. ಇವರ ಅಂಗೈ ನೋಡಿ ಕೂಗಿದಳು: "ಅಯ್ಯ, ಜೀವ ಇದ್ದದ್ದು ತಕಂಡು ಹೋಗ್ಬೇಡಿ! ಸತ್ತ ಚಿಪ್ಪಿ ಬೇಕಾದಷ್ಟು ಬಿದ್ದದೆ, ಅದ್ನ ಒಯ್ಯಿ. ಜೀವ ಇದ್ದದ್ದು ಬೇಡ."

ಇರುವೆಗೆ ಸಕ್ಕರೆ ಹಾಕುವ ಮನೆತನ ನಮ್ಮದು. ಜೀವ ಇದ್ದದ್ದು ಬೇಡ ಎಂದರೆ ನಮಗೆ ತೋಚಿದ್ದು ಒಂದೇ ಅರ್ಥ. ಯಜಮಾನರು ಎದೆಯ ಮೇಲೆ ಕೈಯಿಟ್ಟು ಹೇಳಿದರು: "ಖರೇ ಮಾತ ತಂಗೀ. ಜೀವ ತಗದ ಪಾಪ ನಮಗ್ಯಾಕ? ಕೊಲ್ಲೂದಿಲ್ಲ. ನೀರಾಗಽ ಇಟ್ಟು ಜೀವಂತ ಒಯ್ತೀನಿ."

ಅವಳು ಹಣೆ ಹಣೆ ಬಡಿದುಕೊಂಡಳು. ಇವರು ವ್ಯಾಪಾರ ಮಾಡುವ ಗಿರಾಕಿಗಳಲ್ಲವೆಂದು ಸಿಟ್ಟಾದಳೆಂದುಕೊಂಡೆ. ಇನ್ನೊಂದು ಗುಂಪು ಕರೆಯಿತು, ಹೋದಳು.

ಒಣಗಿದ ಚಿಪ್ಪುಗಳ ಬಣ್ಣ ಬಿಸಿಲಿಗೆ ಹೋಗಿರುತ್ತದೆ. ಜೀವವಿದ್ದಾಗಿನ ಬಣ್ಣವೇ ಬಣ್ಣ ಎಂದು ಯಜಮಾನರ ಹಟ. ಮನೆಗೆ ಒಯ್ದು, ಎದುರಿಗೆ ಇಟ್ಟುಕೊಂಡು, ಎಳೆ ಎಣಿಸಿ ಸೆರಗಿಗೆ ಇಳಿಸಬೇಕೆಂದು ಅವರ ಲೆಕ್ಕ. ಪೇಟೆಯಲ್ಲಿ ಒಂದು ಸಣ್ಣ ಬಾಯಿಯ ಮಣ್ಣಿನ ಗಡಿಗೆ ಕೊಂಡರು. ಅದರಲ್ಲಿ ಉಸುಕು, ಸಮುದ್ರದ ನೀರು, ಹುಳು. ಒಂಟಿಯಾಗಿ ಬೇಸರವಾದೀತೆಂದು ಅದೇ ಹೊಂಡದ ಮೂರು ನಾಲ್ಕು ಸಾದಾ ಶಂಖದ ಹುಳುಗಳನ್ನು ಜೊತೆಗೆ ಹಾಕಿದರು. ಬಾಯಿಗೆ ಒದ್ದೆ ಅರಿವೆ ಕಟ್ಟಿ ನನ್ನ ಕೈಗೆ ಕೊಟ್ಟರು. ಗಂಗಾವತಿಯಲ್ಲಿ ನೆಲ್ಲಿನ ಗದ್ದೆಯ ಬದುವಿನಲ್ಲಿ ಇಂಥ ಹುಳುಗಳನ್ನು ಉಡಿಯಲ್ಲಿ ತುಂಬಿಕೊಂಡು ಆಡಿದವಳು ನಾನು. ಒಂದಾದರೂ ನನಗೆ ಏನಾದರೂ ಮಾಡಿತ್ತೇ? ಮಡಿಲಲ್ಲಿ ಇಟ್ಟುಕೊಂಡೆ.

ಮೋಟಾರಿನವನು ಗಡಿಗೆ ನೋಡಿ "ತೀರ್ಥವೋ?" ಎಂದ. ಹೌದೆಂದೆ. ಅವನು ಮುಟ್ಟಿ ಕಣ್ಣಿಗೆ ಒತ್ತಿಕೊಂಡ.

ಹುಬ್ಬಳ್ಳಿ ಸ್ಟೇಷನ್ನಿನಲ್ಲಿ ರೈಲಿಗೆ ಕಾಯುವಾಗ ಅರಿವೆ ಬಿಚ್ಚಿ ನೋಡಿದೆವು. ಕಂಡಿಕೆ ಹುಳು ಉಸುಕಿನಲ್ಲಿ ಹೂತುಕೊಂಡು ಕೊಳವೆ ಮೇಲೆತ್ತಿತ್ತು. ಜೊತೆಯವುಗಳಲ್ಲಿ ಒಂದರ ಚಿಪ್ಪು ಮಾತ್ರ ಬಿದ್ದಿತ್ತು, ಒಳಗೆ ಗುಡಿಸಿ ಸಾರಿಸಿಟ್ಟಂತೆ ಖಾಲಿ. "ಸತ್ತಿರಬೇಕು, ದಣಿವಿಗೆ," ಎಂದರು. ಸತ್ತರೆ ಮೈ ಎಲ್ಲಿ ಹೋಯಿತು ಎಂದು ನಾನು ಕೇಳಿದೆ. ಅವರು ಕಂಡಿಕೆ ಹುಳುವನ್ನು ಎತ್ತಿ ಅಂಗೈಯಲ್ಲಿಟ್ಟುಕೊಂಡು ಬಿಳಿಯ ತೆನೆ ಎಣಿಸುತ್ತ ಕೂತರು. ಗದಗಿನವರೆಗೂ ಇದೇ ಕೆಲಸ. ಎತ್ತುವುದು, ನೋಡುವುದು, ಪಕ್ಕದವರಿಗೆ ತೋರಿಸುವುದು, ಮತ್ತೆ ನೀರಿಗೆ ಬಿಡುವುದು. ಈಗ ಆ ಅಂಗೈ ನೆನೆದರೆ ನನಗೆ ಕೂತಲ್ಲೇ ಬೆವರು ಬರುತ್ತದೆ.

ಕೊಪ್ಪಳಕ್ಕೆ ಬಂದಾಗ ಯಲಬುರ್ಗಿಯ ಮೋಟಾರು ಹೋಗಿಬಿಟ್ಟಿತ್ತು. ಮಗಳು ಗಂಗವ್ವನನ್ನು ಯಲಬುರ್ಗಿಗೆ ಕೊಟ್ಟಿದ್ದೇವೆ. ಅವಳಿಗೆ ಪ್ರಸಾದ ಮುಟ್ಟಿಸಿ ಊರಿಗೆ ಹೋಗುವುದೆಂದಿತ್ತು. ಆ ರಾತ್ರಿ ಧರ್ಮಶಾಲೆಯಲ್ಲಿ ಉಳಿದೆವು. ಬೆಳಿಗ್ಗೆ ಕೋಟೆಯ ಗುಡ್ಡದ ಮೇಲೆ ಬಿಸಿಲು ಬೀಳುವ ಹೊತ್ತಿಗೆ ನಾನು ಗಡಿಗೆಯನ್ನು ಕಟ್ಟೆಗೆ ತಂದು ಅರಿವೆ ಬಿಚ್ಚಿದೆ. ಬಗ್ಗಿ ನೋಡಿದವಳು ಬಗ್ಗಿದಂತೆಯೇ ಉಳಿದೆ.

ಒಂದು ಸಾದಾ ಹುಳು ಗಡಿಗೆಯ ಗೋಡೆಯನ್ನು ಹತ್ತುತ್ತಿತ್ತು, ಅದರ ಲೆಕ್ಕದಲ್ಲಿ ಅದು ಓಟವೇ ಇರಬೇಕು. ಕಂಡಿಕೆ ಹುಳು ಅದರ ಬೆನ್ನು ಹತ್ತಿತ್ತು. ಚೂಪು ತುದಿಯಿಂದ ಮೂಸುವ ಕೊಳವೆಯಲ್ಲದೆ ಇನ್ನೊಂದು ಹೊರಬಂತು. ನಸುಗೆಂಪು, ಲಾಳಿಯ ಕಣ್ಣಿನಿಂದ ಎಳೆ ಹೊರಟ ಹಾಗೆ ಸಣ್ಣಗೆ, ಉದ್ದಕ್ಕೆ. ಅದು ಮುಂದಿನದರ ಮೈಗೆ ತಾಗಿತು. ತಾಗಿದ್ದಷ್ಟೇ! ಓಡುತ್ತಿದ್ದದ್ದು ಗೋಡೆ ಬಿಟ್ಟು ಕೆಳಗೆ ಬಿತ್ತು, ಮೈ ಒಂದು ಸಲ ನಡುಗಿ ಸಡಿಲಾಯಿತು. ಆಮೇಲೆ ಕಂಡಿಕೆ ಹುಳು ಬಾಯನ್ನು ಚೀಲದ ಬಾಯಿಯಂತೆ ಅಗಲಿಸಿ ಅದರ ಚಿಪ್ಪಿಗೆ ಅಂಟಿಸಿತು. ಒಳಗಿನದನ್ನು ಒಳಗಿದ್ದ ಹಾಗೆಯೇ ಎಳೆದುಕೊಂಡಿತು.

"ರೀ! ಬರ್ರಿ ಇಲ್ಲಿ! ಇದು ಸಾದಾ ಹುಳ ಅಲ್ಲರಿ. ಮುಟ್ಟಿದ ಕೂಡಲೇ ಕೊಲ್ಲತೈತಿ. ಯಾವುದರ ಹಳ್ಳಕ್ಕ ಚೆಲ್ಲಿ ಹೋಗೂಣು."

ಅವರು ಬೇವಿನ ಕಡ್ಡಿ ಬಾಯಲ್ಲಿಟ್ಟುಕೊಂಡೇ ಬಂದು ಇಣುಕಿದರು. "ಹುಳ ಹುಳಾನ ತಿಂದ್ರ ನಮಗೇನು? ನಾವೇನು ಹುಳಾ ಏನು?" ಎಂದು ನಕ್ಕರು. "ಸಿಹಿ ನೀರಿಗೆ ಹಾಕಿದ್ರ ಸಾಯ್ತೈತಿ. ಜೀವಂತ ಒಯ್ತೀನಿ ಅಂತ ಆಕಿಗೆ ಮಾತು ಕೊಟ್ಟೀನಿ."

ನಾನು ಗಡಿಗೆಯನ್ನು ಮಡಿಲಲ್ಲಿ ಇಟ್ಟುಕೊಳ್ಳಲಿಲ್ಲ. ಯಲಬುರ್ಗಿಯ ಮೋಟಾರಿನಲ್ಲಿ ಅವರೇ ಕಾಲ ನಡುವೆ ಇಟ್ಟುಕೊಂಡು ಕೂತರು. ಎರಡೂ ಬದಿಗೆ ಜೋಳ ಹಸುರಾಗಿ ನಿಂತಿತ್ತು. ಕುಕನೂರು ದಾಟಿದ ಮೇಲೆ ಇದ್ದಿಲು ತೀರಿ ಗಾಡಿ ನಿಂತು, ಗಂಡಸರೆಲ್ಲ ಇಳಿದು ದೂಡಿದರು. ಯಜಮಾನರು ಇಳಿಯುವಾಗ ಗಡಿಗೆಯನ್ನು ನನ್ನ ಮುಂದೆ ತಳ್ಳಿ, "ಅಲ್ಲಾಡಿಸಬ್ಯಾಡ," ಎಂದರು.

ನಾವು ಬಂದದ್ದಕ್ಕೆ ಮಗಳ ಮನೆಯಲ್ಲಿ ಹಬ್ಬದಂಥ ಗದ್ದಲ. ಅಳಿಯ ಈರಣ್ಣ ಕಾಲಿಗೆ ನೀರು ಕೊಟ್ಟ, ಗಂಗವ್ವ ಹೋಳಿಗೆಗೆ ಕಡಲೆಬೇಳೆ ಬೇಯಿಸಲು ಇಟ್ಟಳು. ಉಣ್ಣುವುದಕ್ಕೆ ಇನ್ನೂ ಹೊತ್ತಿತ್ತು. ಯಜಮಾನರು ಅಂಗಳದಲ್ಲಿ ಬಿಸಿಲಿಗೆ ಗೋಣಿ ಹಾಸಿಕೊಂಡು ಕೂತು, ಅಳಿಯನಿಗೆ ತಾವು ನೇಯಲಿದ್ದ ಹೊಸ ಸೆರಗಿನ ನಮೂನೆ ತೋರಿಸಲು ಹುಳುವನ್ನು ಹೊರಗೆ ತೆಗೆದರು. ಪೊರೆಯ ಮಸುಕಿನಿಂದ ಅಳಿಯನಿಗೆ ತೆನೆ ಸರಿಯಾಗಿ ಕಾಣಲಿಲ್ಲ.

ಇಲ್ಲಿ ನೇಕಾರರ ಒಂದು ಅಭ್ಯಾಸ ಹೇಳಬೇಕು. ಮಗ್ಗದಿಂದ ಇಳಿದ ಸೀರೆ ಗಂಜಿಯಿಂದ ಮಂಕಾಗಿರುತ್ತದೆ. ಬಣ್ಣ ನೋಡಬೇಕಾದರೆ ಅರಿವೆಯನ್ನು ಎಡ ಅಂಗೈಯಲ್ಲಿ ಹಿಡಿದು, ಬಲ ಹೆಬ್ಬೆರಳಿನ ಉಗುರಿನಿಂದ ಗಂಜಿಯನ್ನು ಕೆರೆಯಬೇಕು. ಕೆರೆದಲ್ಲಿ ನಿಜವಾದ ಬಣ್ಣ ಎದ್ದು ಬರುತ್ತದೆ. ಯಾವ ನೇಕಾರನೂ ಇದನ್ನು ಯೋಚಿಸಿ ಮಾಡುವುದಿಲ್ಲ, ಕೈ ತಾನೇ ಮಾಡುತ್ತದೆ. ನಮ್ಮವರು ಹುಳುವನ್ನು ಎಡ ಅಂಗೈಯಲ್ಲಿ ಮುಚ್ಚಿ ಹಿಡಿದರು. ಕರ್, ಕರ್ ಎಂದು ಕೆರೆದರು. ಪೊರೆ ಸುಲಿದು ಒಂದು ತೆನೆ ಹಾಲಿನಂತೆ ಹೊರಬಂತು. "ನೋಡ್ರಿ ಈರಣ್ಣಾರ, ನೋಡ್ರಿ!" ಎರಡನೆಯದು ಬಂತು. ಮೂರನೆಯದಕ್ಕೆ ಉಗುರು ಹಾಕಿದವರು "ಸ್ಸ್" ಎಂದು ಕೈ ಕೊಡವಿದರು.

ಹುಳು ಗೋಣಿಯ ಮೇಲೆ ಬಿತ್ತು. ಅದನ್ನೆತ್ತಿ ಮೊದಲು ಗಡಿಗೆಗೆ ಹಾಕಿದರು, ಆಮೇಲೆ ಕೈ ನೋಡಿಕೊಂಡರು! ಎಡ ಹೆಬ್ಬೆರಳಿನ ಬುಡದಲ್ಲಿ ಸೂಜಿ ಚುಚ್ಚಿದಷ್ಟು ಒಂದು ಚುಕ್ಕೆ, ಸುತ್ತ ಬೆಳ್ಳಗೆ. "ಚುಚ್ಚಿತು ಕಳ್ಳ ಹುಳ," ಎಂದು ನಕ್ಕರು. ನಾನು ಸುಣ್ಣ ಹಚ್ಚಿದೆ. ಕೊಪ್ಪಳದ ಕಟ್ಟೆಯ ಮೇಲೆ ಕಂಡದ್ದು ಕಣ್ಣ ಮುಂದೆ ಬಂತು.

"ನೋವು ಐತೇನ್ರಿ?"

"ಇಲ್ಲ. ನೋವಽ ಇಲ್ಲ. ಬೆರಳು ಎಲ್ಲದಾವ ಅಂತ ತಿಳೀವಲ್ದು."

ಗಂಗವ್ವ ಹೂರಣ ರುಬ್ಬುತ್ತಿದ್ದಳು. ಅವಳು ಒಂದು ಸಲ ಹಾಕಿದ್ದನ್ನು ರುಬ್ಬಿ ಮುಗಿಸುವಷ್ಟರಲ್ಲಿ ಅವರ ಕೈ ಮೊಣಕೈವರೆಗೆ ಮರಗಟ್ಟಿತ್ತು. ನೀರು ಕೇಳಿದರು, ಕೊಟ್ಟರೆ ತುಟಿಯಿಂದ ಹೊರಗೆ ಸುರಿಯಿತು. ರೆಪ್ಪೆಗಳು ಇಳಿದವು. ಎತ್ತಬೇಕೆಂದರೂ ಏಳವು. ಮಾತು ನಾಲಿಗೆಯಡಿ ಸಿಕ್ಕಿಕೊಂಡಿತು. ಇಪ್ಪತ್ತೈದು ವರ್ಷ ಬಾಳ್ವೆ ಮಾಡಿದ ಗಂಡಸು ನನ್ನ ಕಣ್ಣೆದುರಿಗೆ, ನಡು ಮಧ್ಯಾಹ್ನ, ಹಸಿ ಗೋಡೆ ಕುಸಿದಂತೆ ಕುಸಿದರು. ನಾನು ಚೀರಿದ್ದು ಓಣಿಗೆಲ್ಲ ಕೇಳಿಸಿತು.

ಓಣಿ ಬಂತು. ಬಂದವರೆಲ್ಲರ ಬಾಯಲ್ಲಿ ಒಂದೇ ಮಾತು: ಹಾವು. ಕೋಲು ತಂದರು. ಸೌದೆ ಒಟ್ಟಿಲು ಕೆಡವಿದರು, ನೆಲದೊಳಗಿನ ಕಾಳಿನ ಹಗೇವಿನ ಬಾಯಿ ತೆರೆದು ದೀಪ ಇಳಿಬಿಟ್ಟರು, ಮಾಳಿಗೆ ಹತ್ತಿದರು. ಹಾವಿನ ವಿಷ ಏರಿದರೆ ಕಹಿ ತಿಳಿಯದೆಂದು ಒಬ್ಬರು ಬೇವಿನ ಸೊಪ್ಪು ತಂದು ಬಾಯಿಗೆ ತುರುಕಿ "ಕಹಿ ಐತೋ ಸಪ್ಪಗೈತೋ?" ಎಂದು ಕೇಳಿದರು. ಅಗಿಯಲಿಕ್ಕೆ ದವಡೆಯೇ ಅಲುಗದವರನ್ನು!

"ಹಾವಲ್ಲರಿ! ಗಡಿಗ್ಯಾಗಿನ ಹುಳ!" ಎಂದು ನಾನು ಗಂಟಲು ಹರಿದುಕೊಂಡೆ.

ಒಬ್ಬ ಮುದುಕರು ಗಡಿಗೆಯಲ್ಲಿ ಇಣುಕಿ, ಕರುಣೆಯಿಂದ ನನ್ನ ತಲೆ ಸವರಿದರು. "ತಂಗೀ, ಹೆದರಿ ನಿನ್ನ ತಲಿ ಕೆಟ್ಟೈತಿ. ಕವಡಿ ಕಡದು ಯಾರರ ಸಾಯ್ತಾರೇನವ್ವಾ?"

ಅವರ ಮೇಲೆ ಬಂದ ಸಿಟ್ಟು ನನ್ನನ್ನು ಎಬ್ಬಿಸಿ ನಿಲ್ಲಿಸಿತು. "ಈರಣ್ಣಾ, ಹೊರಸು ತಗೊಂಡು ಬಾ. ದವಾಖಾನಿಗೆ ಹೊತ್ತು ನಡೀರಿ," ಎಂದೆ. ಅಳಿಯನನ್ನು ಹೆಸರು ಹಿಡಿದು ಏಕವಚನದಲ್ಲಿ ಕರೆದದ್ದು ಅದೇ ಮೊದಲು, ಅದೇ ಕೊನೆ. ನಾಲ್ವರು ಹೊರಸು ಹೊತ್ತರು. ನಾನು ಗಡಿಗೆಯನ್ನು ಟೊಂಕದ ಮೇಲಿಟ್ಟುಕೊಂಡು ಓಡಿದೆ.

ಸರಕಾರಿ ದವಾಖಾನೆಯ ಡಾಕ್ಟರ್ ಸಾಹೇಬರು ಹೈದರಾಬಾದಿನವರು. ನಮ್ಮ ಕನ್ನಡ ಕಲಿತಿದ್ದರು. ನಾಡಿ ನೋಡಿದರು, ರೆಪ್ಪೆ ಎತ್ತಿ ನೋಡಿದರು, ಹಲ್ಲಿನ ಗುರುತಿಗೆ ಕಾಲೆಲ್ಲ ಹುಡುಕಿದರು. "ಹಾವು ಯಾರು ನೋಡ್ಯಾರ?" ಎಂದು ಕೇಳಿದರು. ಯಾರೂ ನೋಡಿರಲಿಲ್ಲ. ನಾನು ಗಡಿಗೆಯನ್ನು ಮೇಜಿನ ಮೇಲೆ ಕುಕ್ಕಿ, ಹುಳು ತೋರಿಸಲು ಕೈ ಒಳಗೆ ಹಾಕಲು ಹೋದೆ.

"ಕೈ ಹಾಕಬ್ಯಾಡ್ರಿ!" ಎಂದು ಸಾಹೇಬರು ನನ್ನ ಮಣಿಕಟ್ಟು ಹಿಡಿದು ಎಳೆದರು. ಚಿಮುಟದಿಂದ ಅದನ್ನೆತ್ತಿ ಬೆಳಕಿಗೆ ಹಿಡಿದರು. "ಯಾ ಅಲ್ಲಾ. ಕಿತಾಬಿನಾಗ ಇದರ ತಸವೀರು ನೋಡಿದ್ದೆ. ಕಡಲಿನ ಹುಳ ಈ ಯಲಬುರ್ಗಿಗೆ ಹೆಂಗ ಬಂತು?"

"ನಾವಽ ತಂದ್ವಿ ಸಾಹೇಬರ. ಔಷಧ ಕೊಡ್ರಿ."

"ಇದಕ್ಕ ಔಷಧ ಇಲ್ಲ ತಾಯಿ. ಯಾವ ಕಿತಾಬಿನಾಗೂ ಇಲ್ಲ. ಈ ವಿಷ ಎದಿ ನಿಲ್ಲಸೂದಿಲ್ಲ, ಉಸಿರು ನಿಲ್ಲಸ್ತೈತಿ. ವಿಷ ತಾನಽ ಇಳಿಯೂತನಕ ಅವರ ಉಸಿರು ನಾವು ಆಡಬೇಕು. ಆಡಿದ್ರ ಉಳೀತಾರ."

ಯಜಮಾನರನ್ನು ಬೋರಲು ಮಲಗಿಸಿ, ಮುಖ ಒಂದು ಮಗ್ಗುಲಿಗೆ ಹೊರಳಿಸಿದರು. ಸಾಹೇಬರು ಮೊಣಕಾಲೂರಿ ಕೂತು, ಎರಡು ಅಂಗೈಯನ್ನು ಪಕ್ಕೆಲುಬಿನ ಮೇಲಿಟ್ಟು ಮೈಭಾರ ಬಿಟ್ಟು ಒತ್ತಿದರು: ಉಸಿರು ಹೊರಗೆ. ಬಿಟ್ಟರು: ಉಸಿರು ಒಳಗೆ. ಆಮೇಲೆ ಕಂಪೌಂಡರ್ ಕೂತ. ಆಮೇಲೆ ಈರಣ್ಣ ಕೂತು ಗಾಬರಿಯಲ್ಲಿ ದಬದಬ ಒತ್ತತೊಡಗಿದ. "ಅವಸರ ಮಾಡಬ್ಯಾಡ್ರಿ, ತಾಳ ತಪ್ಪಿದ್ರ ಗಾಳಿ ಹೋಗೂದಿಲ್ಲ!" ಎಂದು ಸಾಹೇಬರು ಕೂಗಿದರು. ನಾನು ಅಳಿಯನನ್ನು ಸರಿಸಿ ಕೂತೆ.

ಸೆರಗು ನೇಯುವಾಗ ಮಗ್ಗ ಓಡುವುದಿಲ್ಲ. ಎಳೆ ಕೂಡಿಸಿ, ಲಾಳಿ ದಾಟಿಸಿ, ಹಲಗೆ ಎಳೆದು ಬಡಿಯಬೇಕು. ಬಡಿದು ಒಂದು ಗಳಿಗೆ ಬಿಡಬೇಕು. ಆ ಸಪ್ಪಳವನ್ನು ಕೇಳುತ್ತ ಕಂಡಿಕೆ ಸುತ್ತಿದವಳು ನಾನು. ಅದೇ ತಾಳಕ್ಕೆ ಒತ್ತಿದೆ. ಒತ್ತಿದೆ, ಬಿಟ್ಟೆ. ಒತ್ತಿದೆ, ಬಿಟ್ಟೆ. ಸಾಹೇಬರು ನಾಡಿ ಹಿಡಿದು ಕೂತು, "ಹೌದು, ಹಿಂಗಽ, ಹಿಂಗಽ ತಾಯಿ," ಎಂದರು. ಬೇರೆಯವರು ಸರದಿಗೆ ಬಂದರೂ ನಾನು ಬಿಡಲಿಲ್ಲ. ದೇವರ ಹೆಸರು ಹೇಳಲಿಲ್ಲ, ಬೈದೆ. ಬಾಯಿಗೆ ಬಂದಂತೆ ಬೈದೆ. ನಿಮ್ಮ ತೆನಿ ಸುಡ್ಲಿ, ನಿಮ್ಮ ಸೆರಗು ಸುಡ್ಲಿ, ಹಟಮಾರಿ, ಹೇಳಿದ ಮಾತು ಕೇಳಿದ್ದು ಐತೇನು, ನನ್ನ ಒಬ್ಬಾಕಿನ್ನ ಬಿಟ್ಟು ಹೊಂಟೀರೇನು, ಹೊಂಟ್ರ ನೋಡ್ರಿ ಮತ್ತ. ಬೆನ್ನು ನೊಂದಿತು, ತೋಳು ಉರಿಯಿತು, ಕಣ್ಣೀರು ಅವರ ಅಂಗಿಯ ಮೇಲೆಯೇ ಸುರಿಯಿತು. ನನ್ನ ತಲೆ ಸವರಿದ್ದ ಆ ಮುದುಕರು ಬಾಗಿಲಲ್ಲಿ ನಿಂತು ಪೇಟ ತೆಗೆದು ಕೈಯಲ್ಲಿ ಹಿಡಿದಿದ್ದರು.

ದೀಪ ಹಚ್ಚುವ ಹೊತ್ತಿಗೆ, ನಾನು ಒತ್ತುವ ಮೊದಲೇ ಅಂಗೈಯಡಿ ಪಕ್ಕೆಲುಬು ತಾನೇ ಮೇಲೆದ್ದಿತು. ನನಗೆ ನಂಬಿಕೆ ಬರಲಿಲ್ಲ. ಸಾಹೇಬರು ನನ್ನ ಕೈ ಹಿಡಿದು ಎತ್ತಿದರು. "ಬಿಡ್ರಿ ತಾಯಿ. ತಾವಽ ಆಡ್ಲಿಕ್ಕತ್ಯಾರ." ನಾನು ಅಲ್ಲೇ ನೆಲದ ಮೇಲೆ ಉರುಳಿದೆ.

ಮರುದಿನ ಅವರಿಗೆ ಮಾತು ಬಂತು. ಕಣ್ಣು ಮುಚ್ಚಿದ್ದರೂ ಎಲ್ಲವೂ ಕೇಳಿಸುತ್ತಿತ್ತಂತೆ. ಬೇವು ತುರುಕಿದ್ದು, ಹಾವು ಹುಡುಕಿದ್ದು, ಔಷಧ ಇಲ್ಲ ಎಂದದ್ದು. "ನೀ ಬೈದದ್ದೂ ಕೇಳಿಸ್ತು," ಎಂದರು. "ಒಂದನೂ ಬಿಟ್ಟಿಲ್ಲ." ನಾನು ನಕ್ಕೆನೋ ಅತ್ತೆನೋ ಗೊತ್ತಿಲ್ಲ.

ಹುಳು ಗಡಿಗೆಯಲ್ಲಿ ಸತ್ತು ನಾರುತ್ತಿತ್ತು. ಡಾಕ್ಟರ್ ಸಾಹೇಬರು ಅದನ್ನು ಕೊಯ್ದು, ಒಳಗಿನಿಂದ ಏನನ್ನೋ ತೆಗೆದು ಗಾಜಿನ ಮೇಲಿಟ್ಟು ಭೂತಗನ್ನಡಿ ಹಿಡಿದರು. ನನ್ನನ್ನೂ ಕರೆದು ತೋರಿಸಿದರು. ಗಾಜಿನಂಥ ಸೂಜಿಗಳು, ಕೂದಲಿಗಿಂತ ಸಣ್ಣ, ಒಂದರ ಪಕ್ಕ ಒಂದು ಕಟ್ಟಿಟ್ಟಿದ್ದವು. ಒಳಗೆ ಪೊಳ್ಳು, ತುದಿಗೆ ಗಾಳದ ಕೊಕ್ಕೆ. ಅವು ಅದರ ಹಲ್ಲುಗಳಂತೆ! ಒಂದನ್ನು ಆ ನಸುಗೆಂಪು ಎಳೆಯ ತುದಿಗೆ ತಂದುಕೊಂಡು, ವಿಷ ತುಂಬಿ, ಬೇಟೆಗೆ ಹೊಡೆಯುತ್ತದೆ. ಆ ಹಲ್ಲು ಹೋದರೆ ಇನ್ನೊಂದು ಸಿದ್ಧ. ಹಗಲು ಕಲ್ಲಿನಡಿ ಉಸುಕಿನಲ್ಲಿ ಹೂತಿದ್ದು, ಕತ್ತಲಾದ ಮೇಲೆ ಹೊರಬಿದ್ದು ಬೇಟೆಯಾಡುವುದು ಅದರ ರೂಢಿ. ನಡೆಯುವುದು ನಿಧಾನ, ಹೊಡೆದದ್ದು ಓಡಿಹೋದರೆ ಬೆನ್ನು ಹತ್ತಲಾರದು. ಅದಕ್ಕೇ ಹೊಡೆದಲ್ಲೇ ಬೀಳಿಸುವಂಥ ವಿಷವನ್ನು ದೇವರು ಅದಕ್ಕೆ ಕೊಟ್ಟಿದ್ದಾನೆ ಎಂದರು ಸಾಹೇಬರು. ನಾನು ಕೇಳುತ್ತಲೇ ಉಳಿದ ಸೂಜಿಗಳನ್ನು ನೋಡಿದೆ. ನಮ್ಮವರಿಗೆ ಹೊಡೆದದ್ದು ಒಂದೇ. ಹುಬ್ಬಳ್ಳಿಯಿಂದ ಗದಗಿನವರೆಗೆ ಅವರು ಅಂಗೈಯಲ್ಲಿ ಇಟ್ಟುಕೊಂಡಿದ್ದದ್ದು, ನಾನು ಘಟ್ಟ ಹತ್ತಿಸಿ ಮಡಿಲಲ್ಲಿ ಹೊತ್ತದ್ದು ಈ ಇಡೀ ಕಟ್ಟನ್ನು. ಮೀನುಗಾರ ಹೆಂಗಸು ಯಾಕೆ ಹಣೆ ಬಡಿದುಕೊಂಡಳೆಂದು ಆಗ ಗೊತ್ತಾಯಿತು. ಅವಳು ಅದರ ಜೀವಕ್ಕಲ್ಲ, ನಮ್ಮ ಜೀವಕ್ಕೆ ಹೆದರಿದ್ದಳು.

ಚಿಪ್ಪನ್ನು ತೊಳೆದು ಸಾಹೇಬರು ಯಜಮಾನರ ಮುಂದೆ ಹಿಡಿದರು. "ಒಯ್ರಿ ಬೇಕಾದ್ರ. ಈಗ ಏನೂ ಮಾಡೂದಿಲ್ಲ."

"ನನ್ನ ಹೊಸ್ತಿಲು ದಾಟೂದಿಲ್ಲ ಅದು," ಎಂದೆ. ಯಜಮಾನರು ನನ್ನ ಮುಖ ನೋಡಿದರು, ಚಿಪ್ಪು ನೋಡಿದರು, ಬಹಳ ಹೊತ್ತು ನೋಡಿ ಸಾಹೇಬರಿಗೇ ತಿರುಗಿ ಕೊಟ್ಟರು. ಅದು ದವಾಖಾನೆಯ ಶೀಸೆಯಲ್ಲಿ ಉಳಿಯಿತು.

ಮೈಗೆ ಕಸುವು ಬರುವವರೆಗೆ ಮಗಳ ಮನೆಯಲ್ಲಿದ್ದು, ಅಳಿಯನ ಬಂಡಿಯಲ್ಲಿ ಕುಷ್ಟಗಿಗೆ ಹೊರಟೆವು. ಮೋಟಾರು ಬೇಡವೆಂದೆ. ಹುಲ್ಲು ಹಾಸಿ ಮಲಗಿಸಿಕೊಂಡು, ಎತ್ತಿನ ಗಂಟೆ ಕೇಳುತ್ತ, ಎರೆಹೊಲಗಳ ನಡುವೆ ನಿಧಾನಕ್ಕೆ ಬಂದೆವು. ಹಾದಿಯಲ್ಲಿ ಒಂದು ಹಳ್ಳದ ದಂಡೆಗೆ ಎತ್ತು ಬಿಟ್ಟಾಗ ಉಸುಕಿನಲ್ಲಿ ಒಂದು ಬಡ ಶಂಖದ ಹುಳು ಕಂಡಿತು. ಸೀರೆ ಎತ್ತಿಕೊಂಡು ಬಂಡಿ ಹತ್ತಿದೆ. ಯಜಮಾನರು ಮಲಗಿದಲ್ಲೇ ನಕ್ಕರು.

"ಕೈ ಹೆಂಗೈತಿ?" ಎಂದು ದಿನಾ ಕೇಳುತ್ತಿದ್ದೆ. "ಬಂದೈತಿ, ಪೂರಾ ಬಂದೈತಿ," ಎನ್ನುತ್ತಿದ್ದರು. ಮಗ್ಗಕ್ಕೆ ಕೂತರು. ಹೊಸ ಸೆರಗು ಬೇಡವೆಂದು ನಾನು ಅತ್ತು ಕರೆದು ಎಲ್ಲ ಮಾಡಿದೆ, ಕೇಳುವ ಪೈಕಿಯೇ? ನೆನಪಿನಿಂದಲೇ ನೇಯ್ದರು. ಸಂಕ್ರಾಂತಿಗೆ ಸೀರೆ ಮಗ್ಗದಿಂದ ಇಳಿಯಿತು.

ನಾನು ರಾಟೆಯ ಮುಂದೆ ಕೂತಿದ್ದೆ. ಅವರು ಸೆರಗನ್ನು ಎಡ ಅಂಗೈಯಲ್ಲಿ ಹಿಡಿದುಕೊಂಡು, ಬಲ ಹೆಬ್ಬೆರಳಿನ ಉಗುರನ್ನು ಗಂಜಿಗೆ ಹಾಕಿದರು. ಕರ್ ಎಂದಿತು. ನಾನು ಹೇಗೆ ಎದ್ದೆನೋ, ಹೇಗೆ ಹೋದೆನೋ, ಅವರ ಕೈಗೆ ಬಲವಾಗಿ ಹೊಡೆದೆ. ಸೀರೆ ನೆಲಕ್ಕೆ ಬಿತ್ತು.

"ಏ ಹುಚ್ಚಿ, ಅರಿವಿ ಐತಿ ಅದು!"

ಅವರು ಸೀರೆಯನ್ನು ಎತ್ತಿಕೊಂಡು ಮತ್ತೆ ಅಂಗೈಯಲ್ಲಿ ಹಿಡಿದರು. ಕೆರೆಯಲಿಲ್ಲ. ಎಡಗೈಯ ಬೆರಳುಗಳನ್ನು ಅರಿವೆಯ ಮೇಲೆ ಒಮ್ಮೆ ಆಡಿಸಿ, ಇನ್ನೊಮ್ಮೆ ಆಡಿಸಿ, ತಲೆ ತಗ್ಗಿಸಿದರು.

"ಬಂದೈತಿ ಅಂತ ಸುಳ್ಳು ಹೇಳಿದ್ನಿ. ಈ ಕೈಗೆ ಏನೂ ತಿಳೀವಲ್ದು. ನೇಯ್ಗಿ ಬಿಗಿ ಐತೋ ಸಡಿಲ ಐತೋ ಗೊತ್ತಾಗವಲ್ದು."

ಅವರು ನನ್ನ ಎಡಗೈ ಹಿಡಿದು, ಬೆರಳು ಬಿಡಿಸಿ, ಸೆರಗನ್ನು ಅಂಗೈಯಲ್ಲಿ ಹರವಿದರು.

"ನೀನಽ ನೋಡಿ ಹೇಳು," ಎಂದರು.

ಕೆರೆದೆ. ಗಂಜಿ ಉದುರಿ ಒಂದು ಬಿಳಿಯ ತೆನೆ ಎದ್ದಿತು, ಅದರ ಮಗ್ಗುಲಲ್ಲಿ ಸಣ್ಣದು, ಸಣ್ಣದರ ಮೇಲೆ ಇನ್ನೂ ಸಣ್ಣದು.

"ಛಲೋ ಬಂದೈತ್ರಿ," ಎಂದೆ.